ನ್ಯಾಯಮೂರ್ತಿಗಳ ಪುಟ ಬರೆಯೋರು ಯಾರು?

ವೀಕ್ಷಕರೇ, ದೊಡ್ಡ ಕೇಸಿನ ತೀರ್ಪು ಬಂದ ದಿನ ಜನ ಮೊಬೈಲ್‌ನಲ್ಲಿ ಮೊದಲು ಏನನ್ನ ಹುಡುಕ್ತಾರೆ ಗೊತ್ತಾ? ತೀರ್ಪಿನ ಪ್ರತಿಯನ್ನಲ್ಲ. ಯಾವ ಕಲಂ ಅಂತಲೂ ಅಲ್ಲ. ನ್ಯಾಯಮೂರ್ತಿಗಳ ಹೆಸರು ಹುಡುಕ್ತಾರೆ. ಯಾವ ಊರಿನವರು, ಯಾರು ನೇಮಿಸಿದ್ದು, ಹಿಂದೆ ಏನು ತೀರ್ಪು ಕೊಟ್ಟಿದ್ರು, ಮತ್ತೆ, ಮುಚ್ಚಿಡೋದ್ಯಾಕೆ, ಯಾವ ಜಾತಿ. ಹಾಗೆ ಹುಡುಕಿದವರ ಮುಂದೆ ಮೊದಲು ಬಂದು ನಿಲ್ಲೋದು ವಿಕಿಪೀಡಿಯದ ಪುಟ. ಸುದ್ದಿಮನೆಗಳಲ್ಲೂ ಕಥೆ ಬೇರೆ ಏನಲ್ಲ. ರಾತ್ರಿ ಒಂಬತ್ತರ ಬುಲೆಟಿನ್‌ಗೆ ಹತ್ತು ನಿಮಿಷ ಇರುವಾಗ ಯಾವ ಹುಡುಗನೂ ಲೈಬ್ರರಿಗೆ ಓಡಲ್ಲ. ಆ ಪುಟವನ್ನೇ ತೆರೀತಾನೆ.

ಆ ಪುಟ ಬರೆದವರು ಯಾರು? ಸರ್ಕಾರ ಅಲ್ಲ, ಕೋರ್ಟ್ ಅಲ್ಲ, ವಕೀಲರ ಸಂಘವೂ ಅಲ್ಲ. ಸಂಬಳ ಇಲ್ಲದೆ ಮನೆಯಲ್ಲಿ ಕೂತು ಬರೆಯೋ ನಿಮ್ಮಂಥ, ನನ್ನಂಥ ಜನ. ನಾನು ಓದಿದ್ದು ಇಂಜಿನಿಯರಿಂಗ್. ಯಂತ್ರ ಹೇಗೆ ಓಡುತ್ತೆ ಅಂತ ಮುಚ್ಚಳ ತೆಗೆದು ನೋಡೋ ಚಟ ಇನ್ನೂ ಬಿಟ್ಟಿಲ್ಲ. ವಿಕಿಪೀಡಿಯದ ಪ್ರತಿ ಪುಟದ ಮೇಲ್ಗಡೆ 'ಇತಿಹಾಸ' ಅಂತ ಒಂದು ಕೊಂಡಿ ಇದೆ. ನೂರಕ್ಕೆ ತೊಂಬತ್ತೊಂಬತ್ತು ಜನ ಅದನ್ನ ಒತ್ತೋದೇ ಇಲ್ಲ. ಒತ್ತಿ ನೋಡಿ. ಯಾರು, ಯಾವ ದಿನ, ಎಷ್ಟು ಗಂಟೆಗೆ, ಯಾವ ಪದ ತೆಗೆದು ಯಾವ ಪದ ಹಾಕಿದ್ರು ಅನ್ನೋದೆಲ್ಲ ಅಲ್ಲಿ ಸಾಲಾಗಿ ಸಿಗುತ್ತೆ. ಬುಲೆಟಿನ್ ಮುಗಿಸಿ ಮನೆಗೆ ಹೋದ ಮೇಲೆ ನಾನು ಕೂತು ತಿದ್ದೋ ಪುಟಗಳಲ್ಲಿ ಹೆಚ್ಚಿನವು ಹೈಕೋರ್ಟ್‌ಗೆ, ಅಲ್ಲಿದ್ದ ನ್ಯಾಯಮೂರ್ತಿಗಳಿಗೆ ಸೇರಿದವು.

ಯಾಕೆ ಹೈಕೋರ್ಟ್? ಅಮೆರಿಕದವರ ಪುಟಗಳನ್ನ ನೋಡಿ ಹೊಟ್ಟೆ ಉರಿದಿದ್ದಕ್ಕೆ, ಅಷ್ಟೇ.

ಅಮೆರಿಕದಲ್ಲಿ ಸುಪ್ರೀಂ ಕೋರ್ಟಿನ ಕೆಳಗೆ ಫೆಡರಲ್ ಮೇಲ್ಮನವಿ ನ್ಯಾಯಾಲಯಗಳು ಅಂತ 13 ಇವೆ. ಅವಕ್ಕೆ 'ಸರ್ಕ್ಯೂಟ್' ಅಂತಾರೆ. ಹಿಂದೆ ನ್ಯಾಯಮೂರ್ತಿಗಳು ಕುದುರೆ ಮೇಲೆ, ಗಾಡಿಯಲ್ಲಿ ಊರೂರು ಸುತ್ತಿ ಕೇಸು ಕೇಳ್ತಿದ್ರಲ್ಲ, ಆ ಸುತ್ತಾಟದಿಂದ ಬಂದ ಹೆಸರು ಅದು. 1891ರಲ್ಲಿ ಕಾನೂನು ಮಾಡಿ ಮೇಲ್ಮನವಿಗೇ ಪ್ರತ್ಯೇಕ ನ್ಯಾಯಾಲಯಗಳನ್ನ ಕಟ್ಟಿದ್ರು. ಈಗ ಅವುಗಳಲ್ಲಿ ಒಟ್ಟು 179 ನ್ಯಾಯಾಧೀಶರ ಹುದ್ದೆಗಳಿವೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೊಂದು ಸರ್ಕ್ಯೂಟಿಗೂ ಒಂದೊಂದು ಪುಟ, ಒಳಗೆ ಪಟ್ಟಿ. ಹೆಸರು, ಹುಟ್ಟಿದ ವರ್ಷ, ಎಂದಿನಿಂದ ಎಂದಿನವರೆಗೆ ಪೀಠದಲ್ಲಿದ್ರು, ಯಾವ ಅಧ್ಯಕ್ಷರು ನೇಮಿಸಿದ್ದು, ಯಾರು ಖಾಲಿ ಮಾಡಿದ ಕುರ್ಚಿಗೆ ಬಂದ್ರು, ಆಮೇಲೆ ಆ ಕುರ್ಚಿಗೆ ಯಾರು ಬಂದ್ರು. ಸುಪ್ರೀಂ ಕೋರ್ಟಿಗೆ ಯಾವತ್ತೂ ಹೋಗದ ಲರ್ನೆಡ್ ಹ್ಯಾಂಡ್ ಅನ್ನೋ ನ್ಯಾಯಾಧೀಶರ ಬಗ್ಗೆ ಕಾದಂಬರಿಯ ಹಾಗೆ ಓದಿಸಿಕೊಂಡು ಹೋಗೋ ಲೇಖನ ಇದೆ.

ಅವರೇನು ನಮಗಿಂತ ಬುದ್ಧಿವಂತರಾ? ಅಲ್ಲ ಸ್ವಾಮಿ. ಅಲ್ಲಿ ಫೆಡರಲ್ ಜುಡಿಷಿಯಲ್ ಸೆಂಟರ್ ಅಂತ ಒಂದು ಸರ್ಕಾರಿ ಸಂಸ್ಥೆ ಇದೆ. 1789ರಿಂದ ಇವತ್ತಿನವರೆಗಿನ ಫೆಡರಲ್ ನ್ಯಾಯಾಧೀಶರ ಜೀವನ ವಿವರವನ್ನ ಅದು ಒಂದೇ ಕಡೆ ಇಟ್ಟಿದೆ. ಅಲ್ಲಿನ ಕಾನೂನಿನ ಪ್ರಕಾರ ಫೆಡರಲ್ ಸರ್ಕಾರ ತಾನೇ ಬರೆದದ್ದಕ್ಕೆ ಹಕ್ಕುಸ್ವಾಮ್ಯ ಇಲ್ಲ, ಯಾರು ಬೇಕಾದರೂ ತಗೊಂಡು ಹೋಗಿ ಬಳಸಬಹುದು. ನಮ್ಮಲ್ಲಿ ಸರ್ಕಾರಿ ಬರವಣಿಗೆಗೂ 60 ವರ್ಷದ ಹಕ್ಕುಸ್ವಾಮ್ಯ. ತೀರ್ಪನ್ನ ಧಾರಾಳವಾಗಿ ಅಚ್ಚು ಹಾಕಬಹುದು, ಕಾನೂನೇ ಅದಕ್ಕೆ ವಿನಾಯಿತಿ ಕೊಟ್ಟಿದೆ. ಆದರೆ ತೀರ್ಪು ಬರೆದವರ ಪರಿಚಯ, ಫೋಟೋ ಎತ್ತಿ ಹಾಕೋ ಹಾಗಿಲ್ಲ. ನಮ್ಮ ನ್ಯಾಯಮೂರ್ತಿಗಳ ಎಷ್ಟೋ ಪುಟಗಳಲ್ಲಿ ಮುಖದ ಜಾಗ ಖಾಲಿ ಇರೋದಕ್ಕೆ ಇದೂ ಒಂದು ಕಾರಣ.

ಇನ್ನು ನಮ್ಮ ಮನೆಯ ಸ್ಥಿತಿ. ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರ ಜೂನ್‌ನಲ್ಲಿ. ಎರಡು ದಶಕ ದಾಟಿದೆ. ವಿಕಿಪೀಡಿಯದ ನಿಯಮದ ಪ್ರಕಾರ ರಾಜ್ಯಮಟ್ಟದ ಹುದ್ದೆಯಲ್ಲಿದ್ದ ನ್ಯಾಯಾಧೀಶರು ಪುಟಕ್ಕೆ ಅರ್ಹರು. ಅಂದರೆ ಹೈಕೋರ್ಟಿನಲ್ಲಿ ಕೂತವರೆಲ್ಲರೂ ಅರ್ಹರೇ. ಆದರೂ ಕನ್ನಡದಲ್ಲಿ ಬಹಳಷ್ಟು ಜನಕ್ಕೆ ಪುಟವೇ ಇಲ್ಲ. ಇದ್ದರೂ ನಾಲ್ಕು ಸಾಲು. ಅಂಥದ್ದಕ್ಕೆ ವಿಕಿಪೀಡಿಯದವರು 'ಚುಟುಕು' ಅಂತ ಚೆಂದದ ಹೆಸರಿಟ್ಟಿದ್ದಾರೆ.

ಹಾಗಂತ ನಮ್ಮ ಹೈಕೋರ್ಟಿನ ಇತಿಹಾಸವೇನೂ ಚುಟುಕಲ್ಲ. 1881ರಲ್ಲಿ ಬ್ರಿಟಿಷರು ಮೈಸೂರನ್ನ ಒಡೆಯರ ಕೈಗೆ ವಾಪಸ್ ಕೊಟ್ಟರು. 1884ರಲ್ಲಿ ಮೂವರು ನ್ಯಾಯಾಧೀಶರ ಮೈಸೂರು ಚೀಫ್ ಕೋರ್ಟ್ ಬಂತು. 1930ರಲ್ಲಿ ಅದಕ್ಕೆ ಹೈಕೋರ್ಟ್ ಅಂತ ಹೆಸರಾಯ್ತು, ಚೀಫ್ ಜಡ್ಜ್ ಅನ್ನೋರು ಚೀಫ್ ಜಸ್ಟಿಸ್ ಆದ್ರು. 1956ರ ನವೆಂಬರ್ 1ಕ್ಕೆ ಬೊಂಬಾಯಿ, ಹೈದರಾಬಾದ್, ಮದ್ರಾಸು, ಕೊಡಗು ಎಲ್ಲ ಕಡೆಯ ಕನ್ನಡ ಸೀಮೆ ಒಂದಾಯ್ತು, ಅಲ್ಲಿನ ಕೇಸುಗಳೂ ಇಲ್ಲಿಗೇ ಬಂದವು. 1973ರಲ್ಲಿ ಕರ್ನಾಟಕ ಹೈಕೋರ್ಟ್ ಅಂತಾಯ್ತು. 2008ರಲ್ಲಿ ಧಾರವಾಡ, ಕಲಬುರಗಿಗಳಲ್ಲಿ ಸಂಚಾರಿ ಪೀಠ, 2013ರಲ್ಲಿ ಅವೇ ಕಾಯಂ ಪೀಠ. ಸಂಚಾರಿ ಪೀಠ ಅಂದ್ರೇನು? ಸರ್ಕ್ಯೂಟ್! ಅಮೆರಿಕದವರು ಕುದುರೆ ಮೇಲೆ ಮಾಡಿದ್ದನ್ನ ನಾವು 21ನೇ ಶತಮಾನದಲ್ಲಿ ಮಾಡಿದ್ವಿ. ಬೀದರ್‌ನ ಕಕ್ಷಿದಾರ ಒಂದು ವಾಯಿದೆಗೆ ರಾತ್ರಿಯಿಡೀ ಬಸ್ಸಲ್ಲಿ ಬೆಂಗಳೂರಿಗೆ ಬರಬೇಕಿತ್ತು. ಆ ಪೀಠಕ್ಕಾಗಿ ಉತ್ತರ ಕರ್ನಾಟಕದ ವಕೀಲರು ಎಷ್ಟು ವರ್ಷ ಬೀದಿಗಿಳಿದ್ರು ಅನ್ನೋದನ್ನ ಅಲ್ಲಿಯವರೇ ಬರೆಯಬೇಕು.

ಕಟ್ಟಡದ್ದೇ ಒಂದು ಕಥೆ ಇದೆ. ಬೆಂಗಳೂರಿನ ಅಠಾರ ಕಚೇರಿ, ವಿಧಾನಸೌಧದ ಎದುರಿನ ಕೆಂಪು ಕಟ್ಟಡ, 1868ಕ್ಕೆ ಮುಗಿದಿದ್ದು. ಹದಿನೆಂಟು ಇಲಾಖೆ ಇದ್ದವು ಅಂತ ಅಠಾರ. 1980ರ ದಶಕದ ಶುರುವಿನಲ್ಲಿ ಅದನ್ನ ಕೆಡವೋ ಯೋಚನೆ ಬಂತು. ಕೆಡವಬೇಡಿ ಅಂತ ನಾಗರಿಕರು ಕೋರ್ಟಿಗೆ ಹೋದ್ರು. ತಮಾಷೆ ನೋಡಿ, ಕಟ್ಟಡ ಉಳಿಯಬೇಕಾ ಹೋಗಬೇಕಾ ಅನ್ನೋ ವಾದ ನಡೆದಿದ್ದು ಅದೇ ಕಟ್ಟಡದ ಒಳಗೆ.

ಈಗ ಒಂದು ಹೆಸರು ಹೇಳ್ತೀನಿ: ಮಿಲ್ಲರ್. ಮೀಸಲಾತಿ ಚರ್ಚೆ ನಡೆದಾಗಲೆಲ್ಲ ನಮ್ಮ ಸ್ಟುಡಿಯೋದಲ್ಲಿ ಯಾರಾದರೊಬ್ಬರು ಮಿಲ್ಲರ್ ವರದಿ ಅಂತ ಹೇಳೇ ಹೇಳ್ತಾರೆ. 1918ರಲ್ಲಿ ನೇಮಕವಾದ ಸಮಿತಿ, 1919ರಲ್ಲಿ ವರದಿ. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರ ಸಮುದಾಯಗಳಿಗೆ ಸಿಗಬೇಕು ಅಂತ ಹೇಳಿದ ವರದಿ ಅದು. ಮಂಡಲ್ ವರದಿಗಿಂತ ಆರು ದಶಕ ಮೊದಲು! ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟ ಕಥೆಯಲ್ಲೂ ಈ ಸಮಿತಿಯ ಮಾತು ಬರುತ್ತೆ. ಇಷ್ಟೆಲ್ಲ ಗೊತ್ತಿದ್ದವರನ್ನ, ಮಿಲ್ಲರ್ ಯಾರು ಸ್ವಾಮಿ ಅಂತ ಕೇಳಿ. ಆಯೋಗದ ಹೆಸರು ಅಂದ್ಕೊಂಡಿರ್ತಾರೆ. ಸರ್ ಲೆಸ್ಲಿ ಮಿಲ್ಲರ್ ಮೈಸೂರು ಚೀಫ್ ಕೋರ್ಟಿನ ಚೀಫ್ ಜಡ್ಜ್ ಆಗಿದ್ದವರು. ನೂರು ವರ್ಷದಿಂದ ರಾಜ್ಯದ ರಾಜಕೀಯವನ್ನ ಅಲುಗಾಡಿಸ್ತಾ ಇರೋ ಕಾಗದಕ್ಕೆ ನಮ್ಮ ಹೈಕೋರ್ಟಿನ ಮೂಲ ಕುರ್ಚಿಯಲ್ಲಿ ಕೂತ ಮನುಷ್ಯ ಸಹಿ ಹಾಕಿದ್ದು. ವರದಿಯ ಪುಟದಿಂದ ಮನುಷ್ಯನ ಪುಟಕ್ಕೆ, ಮನುಷ್ಯನಿಂದ ಕೋರ್ಟಿಗೆ ಒಂದು ಕೊಂಡಿ ಹಾಕಿದ್ರೆ ಓದುಗನಿಗೆ ಇದು ಒಂದು ನಿಮಿಷದಲ್ಲಿ ಗೊತ್ತಾಗುತ್ತೆ. ಆ ಕೊಂಡಿ ಹಾಕೋದೇ ನಾನು ಹೇಳ್ತಿರೋ ಕೆಲಸ.

ಟಿ.ಆರ್.ಎ. ತಂಬುಚೆಟ್ಟಿ ಅಂತ ಇನ್ನೊಬ್ಬರು. ಚೀಫ್ ಕೋರ್ಟಿನ ಚೀಫ್ ಜಡ್ಜ್ ಸ್ಥಾನಕ್ಕೇರಿದ ಮೊದಲ ಭಾರತೀಯ, ಹಂಗಾಮಿ ದಿವಾನರಾಗಿಯೂ ಇದ್ದವರು. ನಿಟ್ಟೂರು ಶ್ರೀನಿವಾಸರಾಯರು 1962ರಲ್ಲಿ ಮುಖ್ಯ ನ್ಯಾಯಮೂರ್ತಿಯಾದವರು, ಆಮೇಲೆ ದೇಶದ ಮೊದಲ ಕೇಂದ್ರ ಜಾಗೃತ ಆಯುಕ್ತರು, ಕನ್ನಡ ಪುಸ್ತಕಕ್ಕಾಗಿ ಸತ್ಯಶೋಧನ ಪ್ರಕಾಶನ ಕಟ್ಟಿದವರು. ಇಂಥವರು ಬೇರೆ ರಾಜ್ಯದಲ್ಲಿ ಇದ್ದಿದ್ರೆ ಅವರ ಹೆಸರಲ್ಲಿ ಒಂದೊಂದು ಸರ್ಕಲ್ ಇರ್ತಿತ್ತು.

ನಮ್ಮ ಚನ್ನರಾಯಪಟ್ಟಣದ ಕಡೆಯವರಿಗೆ ದಾಖಲೆ ಅನ್ನೋದು ಹೊಸದಲ್ಲ. ಶ್ರವಣಬೆಳಗೊಳ ನಮ್ಮ ತಾಲ್ಲೂಕಿನಲ್ಲೇ ಇರೋದು. ಗೊಮ್ಮಟನನ್ನ ನೋಡಿ ಎಳನೀರು ಕುಡಿದು ವಾಪಸ್ ಬರೋರೇ ಜಾಸ್ತಿ. ಕೆಳಗೆ ಊರೊಳಗೆ ಭಂಡಾರಿ ಬಸದಿ ಇದೆ, ಅಲ್ಲಿ 1368ರ ಒಂದು ಶಾಸನ ಇದೆ. ಅದು ದಾನಶಾಸನ ಅಲ್ಲ, ತೀರ್ಪು. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂದು, ಜೈನರು ವಿಜಯನಗರದ ಬುಕ್ಕರಾಯನ ಹತ್ತಿರ ಹೋದ್ರು. ಅಪೀಲು ಅಂತಲೇ ಅಂದ್ಕೊಳ್ಳಿ. ರಾಜ ಎರಡೂ ಕಡೆಯವರನ್ನ ಕೂರಿಸಿ, ಜೈನರ ಕೈಯನ್ನ ವೈಷ್ಣವರ ಕೈಗೆ ಕೊಟ್ಟು, ಎರಡು ದರ್ಶನಕ್ಕೂ ಭೇದ ಇಲ್ಲ ಅಂತ ತೀರ್ಮಾನ ಮಾಡಿದ. ಬರೀ ಉಪದೇಶ ಮಾಡಿ ಕಳಿಸಲಿಲ್ಲ. ಜೈನರ ಮನೆಗೆ ವರ್ಷಕ್ಕೊಂದು ಹಣ ಎತ್ತಬೇಕು, ಅದರಲ್ಲಿ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಜನರನ್ನ ಇಡಬೇಕು, ಉಳಿದದ್ದರಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಬಳಿಸಿ ರಿಪೇರಿ ಮಾಡಿಸಬೇಕು, ಈ ಉಸ್ತುವಾರಿ ತಿರುಮಲೆಯ ತಾತಯ್ಯನದ್ದು ಅಂತ ಕಲ್ಲಲ್ಲಿ ಹೊಡೆಸಿದ. ಯಾರ ದೂರು, ಯಾರ ಮೇಲೆ, ಏನು ಆದೇಶ, ಜಾರಿ ಮಾಡೋರು ಯಾರು, ಖರ್ಚು ಎಲ್ಲಿಂದ. ಇವತ್ತಿನ ಎಷ್ಟೋ ತೀರ್ಪಿನ ವರದಿಗಳಲ್ಲಿ ಈ ಐದು ಸಂಗತಿ ಒಟ್ಟಿಗೆ ಸಿಗಲ್ಲ.

ಆ ಕಲ್ಲು ಅಲ್ಲಿದೆ ಅಂತ ಲೋಕಕ್ಕೆ ಗೊತ್ತಾಗಿದ್ದು ಹೇಗೆ? ಬಿ.ಎಲ್. ರೈಸ್ ಸಾಹೇಬರು ಊರೂರು ಅಲೆದು ಶಾಸನ ಇಳಿಸಿಕೊಂಡು, 1889ರಲ್ಲಿ ಶ್ರವಣಬೆಳಗೊಳದ ಸಂಪುಟ ಅಚ್ಚು ಹಾಕಿಸಿದ್ರು. ಆಮೇಲೆ ಆರ್. ನರಸಿಂಹಾಚಾರ್ಯರು ಅದನ್ನ ತಿದ್ದಿ, ಹಿಗ್ಗಿಸಿ 1923ರಲ್ಲಿ ಮತ್ತೆ ತಂದ್ರು. ಹಾಸನ ಜಿಲ್ಲೆಯ ಸಂಪುಟ ಬೇರೆ ಇದೆ, ಅದರಲ್ಲಿ ನಮ್ಮ ತಾಲ್ಲೂಕಿನ ಶಾಸನಗಳಿಗೆ ಒಂದೊಂದು ಕ್ರಮಸಂಖ್ಯೆ. ಇವತ್ತಿಗೂ ಇತಿಹಾಸಕಾರರು ತಾಲ್ಲೂಕಿನ ಹೆಸರು, ನಂಬರು ಹೇಳಿದ್ರೆ ಸಾಕು, ಯಾವ ಕಲ್ಲು ಅಂತ ಗೊತ್ತಾಗುತ್ತೆ. ವಿಕಿಪೀಡಿಯದಲ್ಲಿ ವಾಕ್ಯದ ಕೊನೆಗೆ ಸಣ್ಣಕ್ಷರದಲ್ಲಿ ನಂಬರು ಇರುತ್ತಲ್ಲ, ಅದರ ಅಜ್ಜ ಇದು. ಹೇಳಿದ್ದಕ್ಕೆ ಆಧಾರ ಎಲ್ಲಿ ಅಂತ ಯಾರು ಬೇಕಾದರೂ ಹೋಗಿ ನೋಡಬೇಕು. ರೈಸ್ ಬರೆದದ್ದನ್ನ ನರಸಿಂಹಾಚಾರ್ಯರು ತಿದ್ದಿದ್ರು, ರೈಸ್ ಬರೆದದ್ದೂ ಕಪಾಟಿನಲ್ಲೇ ಉಳೀತು. ಹಳೇ ಪಾಠ, ಹೊಸ ಪಾಠ ಎರಡೂ ಉಳಿಯೋದೇ ಆ 'ಇತಿಹಾಸ' ಕೊಂಡಿಯ ಗುಟ್ಟು.

ಈಗ ನನ್ನ ಪ್ರಕಾರ ಕನ್ನಡದಲ್ಲಿ ಮೊದಲು ಸರಿಯಾಗಿ ಬರೆಯಬೇಕಾದ ಪುಟಕ್ಕೆ ಬರೋಣ. ಜಸ್ಟಿಸ್ ಸಂತೋಷ್ ಹೆಗ್ಡೆ ಅಂದ್ರೆ ನಿಮಗೆಲ್ಲ ಗೊತ್ತು. ಲೋಕಾಯುಕ್ತ, ಗಣಿ ವರದಿ, 2011ರ ಆ ದಿನಗಳು. ಅವರ ತಂದೆ ಯಾರು? ಕೌಡೂರು ಸದಾನಂದ ಹೆಗ್ಡೆ, ಕೆ.ಎಸ್. ಹೆಗ್ಡೆ. ಕಾರ್ಕಳ ಸೀಮೆಯವರು, 1909ರಲ್ಲಿ ಹುಟ್ಟಿದ್ದು. ರಾಜ್ಯಸಭೆಯಲ್ಲಿ ಕಾಂಗ್ರೆಸ್ ಸದಸ್ಯರಾಗಿದ್ದರು. 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿ, 1966ರಲ್ಲಿ ಹೊಸದಾಗಿ ಶುರುವಾದ ದೆಹಲಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, 1967ರಲ್ಲಿ ಸುಪ್ರೀಂ ಕೋರ್ಟು.

ಆಗ ಕಾಸರಗೋಡಿನ ಎಡನೀರು ಮಠದಿಂದ ಒಂದು ಕೇಸು ಬಂತು. ಕನ್ನಡದ ಮಠ, ಯಕ್ಷಗಾನದ ಮಠ. ಅಲ್ಲಿನ ಸ್ವಾಮಿಗಳು ಕೇಶವಾನಂದ ಭಾರತಿ, ಸ್ವತಃ ಭಾಗವತಿಕೆ ಮಾಡೋರು. ಕೇರಳದ ಭೂಸುಧಾರಣೆ ಕಾನೂನಿಂದ ಮಠದ ಜಮೀನು ಹೋಗುತ್ತೆ ಅಂತ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ್ರು. ನಾನಿ ಪಾಲ್ಖೀವಾಲಾ ವಕೀಲರು. ಜಮೀನಿನ ಜಗಳ ಬೆಳೆದೂ ಬೆಳೆದೂ, ಸಂಸತ್ತು ಸಂವಿಧಾನವನ್ನ ಎಷ್ಟರವರೆಗೆ ತಿದ್ದಬಹುದು ಅನ್ನೋ ಪ್ರಶ್ನೆಗೆ ಬಂದು ನಿಲ್ತು. 13 ನ್ಯಾಯಮೂರ್ತಿಗಳು, 68 ದಿನದ ವಾದ. 1973ರ ಏಪ್ರಿಲ್ 24ಕ್ಕೆ ತೀರ್ಪು: ಏಳು ಜನ ಒಂದು ಕಡೆ, ಆರು ಜನ ಇನ್ನೊಂದು ಕಡೆ. ತಿದ್ದಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನ ಮುಟ್ಟೋ ಹಾಗಿಲ್ಲ. ಆ ಏಳು ಜನರಲ್ಲಿ ಒಬ್ಬರು ಕೆ.ಎಸ್. ಹೆಗ್ಡೆ. ಅರ್ಜಿ ಹಾಕಿದ ಸ್ವಾಮಿಗಳು ಕನ್ನಡದವರು, ತೀರ್ಪು ಬರೆದವರಲ್ಲಿ ಒಬ್ಬರು ಕನ್ನಡದವರು, ಇಬ್ಬರ ಊರುಗಳೂ ಕರಾವಳಿಯಲ್ಲಿ ಒಂದೇ ದಿನದ ಓಡಾಟದಷ್ಟು ದೂರ.

ಮಾರನೇ ದಿನ ಏನಾಯ್ತು? ಮುಖ್ಯ ನ್ಯಾಯಮೂರ್ತಿ ಸಿಕ್ರಿ ನಿವೃತ್ತರಾದ್ರು. ಹಿರಿತನದ ಪ್ರಕಾರ ಶೆಲತ್, ಆಮೇಲೆ ಹೆಗ್ಡೆ, ಆಮೇಲೆ ಗ್ರೋವರ್. ಮೂವರೂ ಸರ್ಕಾರಕ್ಕೆ ಒಗ್ಗದ ತೀರ್ಪಿನ ಕಡೆ ಇದ್ದವರು. ಇಂದಿರಾ ಗಾಂಧಿ ಸರ್ಕಾರ ಮೂವರನ್ನೂ ದಾಟಿ ನಾಲ್ಕನೆಯವರಾದ ಎ.ಎನ್. ರೇ ಅವರನ್ನ ಕೂರಿಸ್ತು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದ್ರು. ಹೆಗ್ಡೆಯವರ ವಿಷಯದಲ್ಲಿ ಇನ್ನೊಂದು ಎಳೆಯೂ ಇದೆ. 1972ರಲ್ಲಿ ರಾಜ್ ನಾರಾಯಣ್ ಅವರ ಚುನಾವಣಾ ತಕರಾರು ಅರ್ಜಿಯ ಒಂದು ಮಧ್ಯಂತರ ವಿಷಯ ಸುಪ್ರೀಂ ಕೋರ್ಟಿಗೆ ಬಂದಾಗ ಅವರು ಬರೆದ ತೀರ್ಪು ಪ್ರಧಾನಿಗೆ ಅನುಕೂಲವಾಗಿ ಇರಲಿಲ್ಲ. ಅದೇ ಅರ್ಜಿ ಮುಂದೆ 1975ರಲ್ಲಿ ಅಲಹಾಬಾದಿನಲ್ಲಿ ಏನು ಮಾಡ್ತು ಅಂತ ನಿಮಗೆ ಗೊತ್ತು. ಹೆಗ್ಡೆಯವರು ಸುಮ್ಮನೆ ಮನೆ ಸೇರಲಿಲ್ಲ. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದ್ರು. ಊರಲ್ಲಿ ನಿಟ್ಟೆ ವಿದ್ಯಾಸಂಸ್ಥೆ ಕಟ್ಟಿದ್ರು.

ಇಂಥ ಮನುಷ್ಯನ ಪುಟ ಬರೆಯೋದು ಸುಲಭ ಅಂತೀರಾ? ಅಲ್ಲ. 'ಇಂದಿರಾ ಗಾಂಧಿ ಸೇಡು ತೀರಿಸಿಕೊಂಡರು' ಅಂತ ಬರೆದುಬಿಡಬಹುದು. ಸ್ಟುಡಿಯೋದಲ್ಲಿ ನಾನೂ ಹಾಗೇ ಹೇಳ್ತೀನಿ, ಅದು ನನ್ನ ಅಭಿಪ್ರಾಯ, ನನ್ನ ಹೆಸರಲ್ಲಿ ಹೇಳ್ತೀನಿ. ವಿಶ್ವಕೋಶದಲ್ಲಿ ಹಾಗೆ ಬರೆಯೋ ಹಾಗಿಲ್ಲ. ಯಾವ ದಿನ ತೀರ್ಪು, ಯಾವ ದಿನ ನೇಮಕ, ಯಾರು ಯಾರನ್ನ ದಾಟಿದ್ರು, ಸರ್ಕಾರ ಏನು ಸಮರ್ಥನೆ ಕೊಡ್ತು, ಟೀಕಿಸಿದವರು ಏನಂದ್ರು. ಅಷ್ಟು ಬರೆದು ಆಧಾರ ಕೊಟ್ಟು ಸುಮ್ಮನಾಗಬೇಕು. ಏಪ್ರಿಲ್ 24, ಏಪ್ರಿಲ್ 25, ಏಪ್ರಿಲ್ 26 ಅಂತ ಮೂರು ತಾರೀಕು ಒಂದರ ಕೆಳಗೊಂದು ಇಟ್ಟು ನೋಡಿ. ನಾನು ಹತ್ತು ನಿಮಿಷ ಕೂಗಾಡಿದ್ದಕ್ಕಿಂತ ಅದು ಜೋರಾಗಿ ಕೇಳಿಸುತ್ತೆ.

ತುರ್ತುಪರಿಸ್ಥಿತಿಯದ್ದೂ ಹಾಗೇ. 1975ರ ಜೂನ್ 26ಕ್ಕೆ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರಿನಲ್ಲೇ ಬಂಧನ ಆಗಿದ್ದು, ಬೆಂಗಳೂರು ಜೈಲಿನಲ್ಲೇ ಇದ್ದಿದ್ದು. ಅವರ ಅರ್ಜಿಗಳು ಕರ್ನಾಟಕ ಹೈಕೋರ್ಟಿಗೆ ಬಂದವು. ಅರ್ಜಿ ಕೇಳೋ ಅಧಿಕಾರ ನಮಗಿದೆ ಅಂದ ಹೈಕೋರ್ಟುಗಳಲ್ಲಿ ನಮ್ಮದೂ ಒಂದು. 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆ ಎಲ್ಲ ಹೈಕೋರ್ಟುಗಳ ಮಾತನ್ನ ತಳ್ಳಿಹಾಕ್ತು. ಖನ್ನಾ ಒಬ್ಬರೇ ಬೇರೆ ನಿಂತ್ರು. ಅದೇ ವರ್ಷ ದೇಶದಾದ್ಯಂತ ಹೈಕೋರ್ಟ್ ನ್ಯಾಯಮೂರ್ತಿಗಳ ವರ್ಗಾವಣೆ ಆಯ್ತು. ನಮ್ಮಲ್ಲಿಂದ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ಸದಾನಂದಸ್ವಾಮಿ ಗುವಾಹಟಿಗೆ. ಚಂದ್ರಶೇಖರ್ ಮುಂದೆ ವಾಪಸ್ ಬಂದು ಇಲ್ಲೇ ಮುಖ್ಯ ನ್ಯಾಯಮೂರ್ತಿ ಆದ್ರು. ಖನ್ನಾ ಹೆಸರು ಪಠ್ಯಪುಸ್ತಕದಲ್ಲಿದೆ. ನಮ್ಮ ಈ ಇಬ್ಬರನ್ನ ಎಷ್ಟು ಕನ್ನಡಿಗರು ಕೇಳಿದ್ದೀರಿ?

ಮೇಲ್ಮನವಿ ಕೋರ್ಟಿನ ಬಗ್ಗೆ ಬರೆಯೋದರಲ್ಲಿ ಒಂದು ವಿಚಿತ್ರ ಕಷ್ಟ ಇದೆ. ಸತ್ಯದ ಸ್ಥಿತಿ ಬದಲಾಗ್ತಾ ಹೋಗುತ್ತೆ. ಜಯಲಲಿತಾ ಕೇಸು ನೆನಪಿದೆಯಲ್ಲ? 2014ರ ಸೆಪ್ಟೆಂಬರ್ 27, ಪರಪ್ಪನ ಅಗ್ರಹಾರ, ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹಾ. ನಾಲ್ಕು ವರ್ಷ ಜೈಲು, 100 ಕೋಟಿ ದಂಡ. 2015ರ ಮೇ 11ಕ್ಕೆ ಹೈಕೋರ್ಟಿನ ನ್ಯಾಯಮೂರ್ತಿ ಸಿ.ಆರ್. ಕುಮಾರಸ್ವಾಮಿ ಅವರಿಂದ ಖುಲಾಸೆ. ಆದಾಯಕ್ಕಿಂತ ಹೆಚ್ಚಿನ ಆಸ್ತಿ ಶೇ. 8.12 ಮಾತ್ರ, ಹತ್ತರ ಒಳಗಿದೆ ಅಂತ. ತೀರ್ಪಿನ ಪ್ರತಿ ಸಿಕ್ಕಿದ ಮೇಲೆ ಜನ ಸಾಲದ ಪಟ್ಟಿಯನ್ನ ಕೂಡಿ ನೋಡಿದ್ರು. ತೀರ್ಪಿನಲ್ಲಿ ಮೊತ್ತ 24.17 ಕೋಟಿ ಅಂತಿತ್ತು, ಒಂದೊಂದಾಗಿ ಕೂಡಿದರೆ ಬರ್ತಿದ್ದಿದ್ದು 10.67 ಕೋಟಿ. ಆ ಒಂದು ಕೂಡಿಸುವ ಲೆಕ್ಕ ಸರಿಮಾಡಿದರೆ ಶೇ. 8 ಹೋಗಿ ಶೇ. 76 ದಾಟುತ್ತೆ. ಕ್ಯಾಲ್ಕುಲೇಟರ್ ಹಿಡಿದು ಪರೀಕ್ಷೆ ಬರೆದ ನಮ್ಮಂಥವರಿಗೆ ಅವತ್ತಿನ ಸಂಜೆ ಮರೆಯೋಕಾಗಲ್ಲ. 2017ರ ಫೆಬ್ರವರಿ 14ಕ್ಕೆ ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪು ರದ್ದು ಮಾಡಿ ವಿಶೇಷ ಕೋರ್ಟಿನದ್ದನ್ನ ಎತ್ತಿಹಿಡೀತು. ಅಷ್ಟೊತ್ತಿಗೆ ಜಯಲಲಿತಾ ತೀರಿಕೊಂಡಿದ್ರು, ಅವರ ಮಟ್ಟಿಗೆ ಕೇಸು ಮುಗಿದುಹೋಗಿತ್ತು. ಜೈಲಿಗೆ ಹೋಗಿದ್ದು ಶಶಿಕಲಾ ಮತ್ತಿಬ್ಬರು.

ಈಗ ಹೇಳಿ, 2015ರ ಮೇ 12ರಂದು ಆ ಪುಟದಲ್ಲಿ ಏನಿರಬೇಕಿತ್ತು? ನಿರಪರಾಧಿ ಅಂತಲಾ? 2017ರಲ್ಲಿ ಅದನ್ನ ಅಳಿಸಿಬಿಡಬೇಕಾ? ಅಳಿಸೋ ಹಾಗಿಲ್ಲ. ಮೂರೂ ಇರಬೇಕು, ತಾರೀಕಿನ ಜೊತೆ. ನಮ್ಮ ಹಾಸನದ್ದೇ ಉದಾಹರಣೆ ತಗೊಳ್ಳಿ. 2019ರಲ್ಲಿ ಪ್ರಜ್ವಲ್ ರೇವಣ್ಣ ಲೋಕಸಭೆಗೆ ಗೆದ್ದದ್ದನ್ನ 2023ರ ಸೆಪ್ಟೆಂಬರ್ 1ಕ್ಕೆ ಹೈಕೋರ್ಟ್ ಅಸಿಂಧು ಅಂತು. ಅದೇ ತಿಂಗಳು ಸುಪ್ರೀಂ ಕೋರ್ಟು ತಡೆ ಕೊಡ್ತು. ತಡೆ ಅಂದ್ರೆ ರದ್ದು ಅಲ್ಲ. ಹೊಳೆನರಸೀಪುರದ ಅಂಗಡಿ ಕಟ್ಟೆಯಲ್ಲಿ ಒಬ್ಬರು 'ಗೆದ್ದುಬಿಟ್ರು' ಅಂದ್ರೆ ಇನ್ನೊಬ್ಬರು 'ಸೋತುಬಿಟ್ರು' ಅಂತಿದ್ರು, ಇಬ್ಬರದ್ದೂ ತಪ್ಪು. ತಡೆ, ರದ್ದು, ವಜಾ, ಇತ್ಯರ್ಥ, ಮರುವಿಚಾರಣೆಗೆ ವಾಪಸ್. ಈ ಐದು ಪದಗಳನ್ನ ಸರಿಯಾಗಿ ಬಳಸೋದು ಬಂದ್ರೆ ಅರ್ಧ ಕೋರ್ಟ್ ವರದಿಗಾರಿಕೆ ಬಂದ ಹಾಗೆ. ಟಿವಿ ಪರದೆಯ ಕೆಳಗೆ ಓಡೋ ಪಟ್ಟಿಯಲ್ಲಿ ಅಷ್ಟಕ್ಕೆ ಜಾಗ ಇರಲ್ಲ. ವಿಶ್ವಕೋಶದಲ್ಲಿ ಜಾಗಕ್ಕೆ ಬರ ಇಲ್ಲ.

ಇದನ್ನೆಲ್ಲ ಇಂಗ್ಲಿಷ್‌ನಲ್ಲೇ ಬರೆದ್ರೆ ಸಾಕಲ್ವಾ, ಕನ್ನಡದಲ್ಲಿ ಯಾಕೆ ಅಂತ ಗೆಳೆಯರು ಕೇಳ್ತಾರೆ. ಚನ್ನರಾಯಪಟ್ಟಣದ ಕೋರ್ಟಿನಲ್ಲಿ ಜಮೀನಿನ ದಾವೆ ನಡೆಯುತ್ತೆ. ಸಾಕ್ಷಿ ಹೇಳೋದು ಕನ್ನಡದಲ್ಲಿ, ಪಹಣಿ ಕನ್ನಡದಲ್ಲಿ, ಬೈಗುಳವೂ ಕನ್ನಡದಲ್ಲಿ. ಸೋತವರು ಅಪೀಲು ಹಾಕಿ ಹೈಕೋರ್ಟಿಗೆ ಹೋದ ತಕ್ಷಣ ಕೇಸು ಇಂಗ್ಲಿಷ್ ಆಗಿಬಿಡುತ್ತೆ. ಸಂವಿಧಾನದ 348ನೇ ವಿಧಿಯ ಪ್ರಕಾರ ಹೈಕೋರ್ಟಿನ ಭಾಷೆ ಇಂಗ್ಲಿಷ್. ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ರಾಜ್ಯಪಾಲರು ಬೇರೆ ಭಾಷೆಗೆ ಅವಕಾಶ ಕೊಡಬಹುದು. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಕ್ಕೆ ಹಿಂದಿ ಸಿಕ್ಕಿದೆ. ನಮಗೆ ಕನ್ನಡ ಸಿಕ್ಕಿಲ್ಲ. 2024ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿಗಳಾದ ಕೃಷ್ಣ ಎಸ್. ದೀಕ್ಷಿತ್, ಸಿ.ಎಂ. ಜೋಶಿ ಅವರ ಪೀಠ ಕನ್ನಡದಲ್ಲಿ ತೀರ್ಪು ಓದಿದಾಗ ಅದು ದೊಡ್ಡ ಸುದ್ದಿ ಆಯ್ತು. ಕನ್ನಡನಾಡಿನ ಹೈಕೋರ್ಟಿನಲ್ಲಿ ಕನ್ನಡ ಕೇಳಿಸಿದ್ದೇ ಸುದ್ದಿ! ತನ್ನ ಜಮೀನಿನ ಹಣೆಬರಹ ಬರೆದವರ ಬಗ್ಗೆ ತನ್ನ ಭಾಷೆಯಲ್ಲಿ ನಾಲ್ಕು ಮಾತು ಓದೋ ಹಕ್ಕು ಆ ಕಕ್ಷಿದಾರನಿಗೆ ಇಲ್ವಾ?

ಕನ್ನಡದಲ್ಲಿ ಬರೆಯೋದರಿಂದ ಹೆಸರುಗಳೂ ಉಳಿಯುತ್ತವೆ. 1989ರಲ್ಲಿ ಆರು ತಿಂಗಳು ಭಾರತದ ಮುಖ್ಯ ನ್ಯಾಯಮೂರ್ತಿ ಆಗಿದ್ದವರು ಇ.ಎಸ್. ವೆಂಕಟರಾಮಯ್ಯ. ಆ 'ಇ' ಅಂದ್ರೆ ಎಂಗಲಗುಪ್ಪೆ, ನಮ್ಮ ಪಕ್ಕದ ಪಾಂಡವಪುರ ತಾಲ್ಲೂಕಿನ ಹಳ್ಳಿ. ಇಂಗ್ಲಿಷ್‌ನಲ್ಲಿ ಒಂದಕ್ಷರ ಆಗಿ ಮುದುಡಿಕೊಂಡ ಊರು ಕನ್ನಡ ಪುಟದಲ್ಲಿ ತಲೆ ಎತ್ತುತ್ತೆ. ಅವರ ಮಗಳು ಬಿ.ವಿ. ನಾಗರತ್ನ ಈಗ ಸುಪ್ರೀಂ ಕೋರ್ಟಿನಲ್ಲಿದ್ದಾರೆ. ಹಿರಿತನದ ಲೆಕ್ಕ ಹೀಗೇ ನಡೆದರೆ 2027ರ ಸೆಪ್ಟೆಂಬರ್‌ನಲ್ಲಿ ದೇಶದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿ. ಅವತ್ತು ದೇಶವೆಲ್ಲ ಎಂಗಲಗುಪ್ಪೆ ಎಲ್ಲಿದೆ ಅಂತ ಹುಡುಕುತ್ತೆ.

ಒಂದು ಎಚ್ಚರಿಕೆಯೂ ಬೇಕು. ಯಾರು ಬೇಕಾದರೂ ಬರೆಯಬಹುದು ಅಂದ ಮೇಲೆ ಯಾರು ಬೇಕಾದರೂ ಕೆಡಿಸಬಹುದು. ನಮ್ಮ ಸುಪ್ರೀಂ ಕೋರ್ಟಿಗೂ ಈ ಬಗ್ಗೆ ಎರಡು ಮನಸ್ಸು. 2010ರಲ್ಲಿ ಮದುವೆಯ ರೀತಿಯ ಸಂಬಂಧ ಅಂದ್ರೇನು ಅಂತ ಹೇಳೋ ತೀರ್ಪಿನಲ್ಲಿ ವಿಕಿಪೀಡಿಯವನ್ನೇ ನೋಡಿ ಅಂತ ಬರೆಯಲಾಗಿತ್ತು. 2023ರ ಜನವರಿಯಲ್ಲಿ, ಕಂಪ್ಯೂಟರ್‌ಗಳ ಸುಂಕದ ಕೇಸೊಂದರಲ್ಲಿ, ಇಂಥ ಮೂಲಗಳನ್ನ ಪೂರ್ತಿ ನೆಚ್ಚಿಕೊಳ್ಳಬೇಡಿ ಅಂತ ಅದೇ ಕೋರ್ಟು ಎಚ್ಚರಿಸ್ತು.

2024ರಲ್ಲಿ ಇದು ಇನ್ನೂ ಮುಂದಕ್ಕೆ ಹೋಯ್ತು. ನಮ್ಮ ಕಸುಬಿನದ್ದೇ ಸಂಸ್ಥೆ, ಸುದ್ದಿಸಂಸ್ಥೆ ಎಎನ್‌ಐ, ತನ್ನ ಬಗ್ಗೆ ಇರೋ ಪುಟದ ಮಾತುಗಳು ಮಾನಹಾನಿಕರ ಅಂತ ದೆಹಲಿ ಹೈಕೋರ್ಟಿನಲ್ಲಿ 2 ಕೋಟಿಯ ದಾವೆ ಹಾಕ್ತು. ಆ ಮಾತು ಬರೆದವರು ಯಾರು ಹೇಳಿ ಅಂತ ಕೋರ್ಟು ಕೇಳ್ತು. ಈ ನಡುವೆ ಆ ದಾವೆಯ ಬಗ್ಗೆಯೇ ಯಾರೋ ಒಂದು ವಿಕಿಪೀಡಿಯ ಪುಟ ಬರೆದ್ರು. ಕೋರ್ಟಿನಲ್ಲಿರೋ ವಿಷಯ ಹೀಗೆ ಬರೆಯೋದು ಸರಿಯಲ್ಲ, 36 ಗಂಟೆಯೊಳಗೆ ತೆಗೀರಿ ಅಂತ ಅಕ್ಟೋಬರ್‌ನಲ್ಲಿ ಆದೇಶ ಬಂತು. ಪುಟ ಹೋಯ್ತು. ಭಾರತಕ್ಕೆ ಮಾತ್ರ ಅಲ್ಲ, ಲೋಕಕ್ಕೇ ಹೋಯ್ತು. 2025ರ ಮೇ 9ಕ್ಕೆ ಸುಪ್ರೀಂ ಕೋರ್ಟಿನ ಪೀಠ ಆ ಆದೇಶವನ್ನ ರದ್ದು ಮಾಡ್ತು. ಕೋರ್ಟುಗಳು ಜನರ ಕಣ್ಣಿಗೆ, ಚರ್ಚೆಗೆ, ಟೀಕೆಗೆ ತೆರೆದುಕೊಂಡೇ ಇರಬೇಕು ಅನ್ನೋದು ಅದರ ಧಾಟಿ. ಪೀಠದ ನೇತೃತ್ವ ವಹಿಸಿದ್ದವರು ಅಭಯ್ ಓಕಾ. 2019ರಿಂದ 2021ರವರೆಗೆ ಅವರು ನಮ್ಮ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಕೋವಿಡ್ ಕಾಲದಲ್ಲಿ ಸರ್ಕಾರವನ್ನ ನಿಲ್ಲಿಸಿ ಪ್ರಶ್ನೆ ಕೇಳಿದವರು. ನಾನು ಸುದ್ದಿಯವನು. ಸುದ್ದಿಸಂಸ್ಥೆಗಳ ಕಷ್ಟ ಗೊತ್ತು, ತಮ್ಮ ಹೆಸರು ಕೆಟ್ಟರೆ ನೋವಾಗುತ್ತೆ, ಕೋರ್ಟಿಗೆ ಹೋಗೋ ಹಕ್ಕಿದೆ. ಆದರೆ ಕೋರ್ಟಿನಲ್ಲಿ ಏನು ನಡೀತಿದೆ ಅಂತ ಬರೆದ ಪುಟವನ್ನ ಅಳಿಸೋದರ ಪರವಾಗಿ ನಾನು ಮೈಕ್ ಹಿಡಿಯಲಾರೆ. ಅದೇ ನಿಯಮ ನಾಳೆ ನನ್ನ ಬುಲೆಟಿನ್‌ಗೂ ಬರುತ್ತೆ.

ಬೇಕಾದ ಸಾಮಾನು ನಮ್ಮಲ್ಲಿಲ್ಲ ಅಂತಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಿಂದ ತಂದ ಕನ್ನಡ ವಿಶ್ವಕೋಶ 14 ಸಂಪುಟ ಇದೆ. ಅದರ ಕೆಲವು ಸಂಪುಟಗಳನ್ನ ಯಾರು ಬೇಕಾದರೂ ಬಳಸಿಕೊಳ್ಳೋ ಮುಕ್ತ ಪರವಾನಗಿಗೆ ಬಿಟ್ಟುಕೊಟ್ಟಿದ್ದಾರೆ, ದೊಡ್ಡ ಮನಸ್ಸು. ಹಳೇ ಮೈಸೂರಿನ ಗೆಜೆಟ್‌ಗಳಿವೆ, ಕಾನೂನು ವರದಿಗಳಿವೆ, ನಿವೃತ್ತ ವಕೀಲರ ಅಟ್ಟದ ಮೇಲೆ ಬೀಳ್ಕೊಡುಗೆ ಸಮಾರಂಭದ ಫೋಟೋಗಳಿವೆ. ಫೋಟೋ ತೆಗೆದವರ ಒಪ್ಪಿಗೆ ಬೇಕು, ಅದೊಂದು ಪತ್ರದ ಕೆಲಸ. ಸದ್ಯಕ್ಕೆ ನನ್ನ ಮೇಜಿನ ಮೇಲಿರೋದು 1884ರಿಂದ 1930ರವರೆಗಿನ ಚೀಫ್ ಜಡ್ಜ್‌ಗಳ ಪಟ್ಟಿ. ಅಮೆರಿಕದವರ ಹಾಗೆ ಕುರ್ಚಿಗೆ ಕುರ್ಚಿ ಜೋಡಿಸಿ, ಪ್ರತಿ ಹೆಸರಿಗೂ ಗೆಜೆಟ್ಟಿನ ತಾರೀಕು ಹಾಕ್ತಾ ಇದ್ದೀನಿ. ಮಿಲ್ಲರ್ ಹೆಸರು ಸೇರಿಸಿ ಆಯ್ತು, ತಂಬುಚೆಟ್ಟಿಯವರದ್ದೂ ಆಯ್ತು. ನಡುನಡುವೆ ಇನ್ನೂ ಖಾಲಿ ಸಾಲುಗಳಿವೆ. ನಿಮ್ಮ ತಾತನೋ ಮುತ್ತಾತನೋ ಆ ಕೋರ್ಟಿನಲ್ಲಿ ವಕೀಲರೋ ಶಿರಸ್ತೇದಾರರೋ ಆಗಿದ್ದಿದ್ರೆ, ಮನೆಯಲ್ಲಿ ಅಚ್ಚಾದ ಕಾಗದ ಏನಾದರೂ ಉಳಿದಿದ್ರೆ, ರದ್ದಿಯವನಿಗೆ ಹಾಕೋ ಮುಂಚೆ ಒಂದ್ಸಲ ತೆಗೆದು ನೋಡಿ.